ಅದು ಸ್ಪಾಟ್ ಅಲ್ಲ ಸ್ವಾಮಿ, ಹೊಲ

ಮುಂಗಾರು ಶುರುವಾಯ್ತು ಅಂದ್ರೆ ಎಲ್ಲರ ಫೋನಿನಲ್ಲೂ ಒಂದು ಪಟ್ಟಿ ಓಡಾಡೋಕೆ ಶುರುವಾಗುತ್ತೆ: ಬೆಂಗಳೂರಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಹತ್ತು ಫೋಟೋ ಸ್ಪಾಟ್‌ಗಳು. ಅದರಲ್ಲಿ ಗುಂಡ್ಲುಪೇಟೆ ಇದ್ದೇ ಇರುತ್ತೆ. ಸೂರ್ಯಕಾಂತಿ ಹೊಲ, ಮಧ್ಯದಲ್ಲಿ ಬಿಳಿ ಡ್ರೆಸ್ಸು, ಕೆಳಗೆ ಮ್ಯಾಪ್ ಲಿಂಕು. ಅಲ್ಲಿಗೇ ನಿಂತಿದ್ರೆ ನನಗೇನೂ ತಕರಾರಿರಲಿಲ್ಲ. ಹೋಗಿಬಂದವರು ಮಾತ್ರ ಒಂದು ಎಚ್ಚರಿಕೆ ಸೇರಿಸ್ತಾರೆ: ಜಾಗ ಸೂಪರ್, ಆದ್ರೆ ಹುಷಾರು, ರೈತರು ಫೋಟೋಗೂ ದುಡ್ಡು ಕೇಳ್ತಾರೆ, ಹಳ್ಳಿಯೋರೂ ಈಗ ಕಮರ್ಷಿಯಲ್ ಆಗ್ಬಿಟ್ರು.

ನನ್ನ ಜಗಳ ಇರೋದು ಈ ಮಾತಿನ ಜೊತೆ.

ಮೊದಲು ಲೆಕ್ಕ ನೋಡೋಣ. 2025-26ಕ್ಕೆ ಕೇಂದ್ರ ಸರ್ಕಾರ ಸೂರ್ಯಕಾಂತಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 7,721 ರೂಪಾಯಿ. ಅಂದ್ರೆ ಕಿಲೋಗೆ ಸುಮಾರು 77. ಬೆಂಬಲ ಬೆಲೆ ಅನ್ನೋದು ಕಾಗದದ ಮೇಲಿನ ಬೆಲೆ, ಮಂಡಿಯಲ್ಲಿ ಅಷ್ಟು ಸಿಕ್ಕೇ ಸಿಗುತ್ತೆ ಅಂತೇನಿಲ್ಲ. ಆದ್ರೂ ಸಿಕ್ತು ಅಂತಾನೇ ಇಟ್ಕೊಳ್ಳಿ. ಹೊಲದಲ್ಲಿ ಬೆಳೆಯೋ ಸೂರ್ಯಕಾಂತಿಗೆ ಒಂದು ಗಿಡಕ್ಕೆ ಒಂದೇ ಹೂವು. ಒಂದು ಹೂವಿಗೆ ಐವತ್ತು ಗ್ರಾಂ ಬೀಜ ಅಂತ ಧಾರಾಳವಾಗಿ ಹಿಡಿದರೂ, ನೀವು ಗೊಣಗ್ತಾ ಕೊಡೋ ಇಪ್ಪತ್ತು ರೂಪಾಯಿ ಐದು ಗಿಡದ ಬೆಲೆ. ಆರು ಜನ ಸಾಲಾಗಿ ಹೊಲದ ನಡುವಿಗೆ ನುಗ್ಗಿ, ರೀಲ್ಸ್‌ಗೆ ಅಂತ ಮೂರು ಸಲ ಓಡಿ ಬಂದ್ರೆ ಐದೇ ಗಿಡ ಬೀಳ್ತವಾ? ಮೊಗ್ಗು ಕಟ್ಟಿದ ಮೇಲೆ ಮುರಿದ ಸೂರ್ಯಕಾಂತಿ ಮತ್ತೆ ಚಿಗುರೋದಿಲ್ಲ. ಆ ಗಿಡದ ಕಥೆ ಅಲ್ಲಿಗೆ ಮುಗೀತು. ಹಾಗಾಗಿ ರೈತ ಕೇಳ್ತಿರೋದು ಪ್ರವೇಶ ಶುಲ್ಕ ಅಲ್ಲ, ನೀವು ತುಳಿದಿದ್ದರ ನಷ್ಟ ಪರಿಹಾರ. ಅದೂ ಡಿಸ್ಕೌಂಟಿನಲ್ಲಿ!

ಪ್ರಕೃತಿಗೆ ಯಾರಾದ್ರೂ ಟಿಕೆಟ್ ಇಡ್ತಾರಾ ಅಂತ ಕೇಳೋರಿದ್ದಾರೆ. ನಿಜ, ನೋಟಕ್ಕೆ ಯಾರೂ ಒಡೆಯರಲ್ಲ. ರಸ್ತೆ ಬದಿ ಕಾರು ನಿಲ್ಲಿಸಿ, ಅಲ್ಲಿಂದಲೇ ಎಷ್ಟು ಬೇಕಾದ್ರೂ ಹೊಡ್ಕೊಳ್ಳಿ, ಯಾರೂ ಕೇಳಬಾರದು. ಆದ್ರೆ ಸೂರ್ಯಕಾಂತಿ ಹೊಲ ಪ್ರಕೃತಿ ಅಲ್ಲ, ಸ್ವಾಮಿ. ಉತ್ತು, ಬಿತ್ತಿ, ಕಳೆ ತೆಗೆದು, ಸಾಲ ಮಾಡಿ ಗೊಬ್ಬರ ಹಾಕಿ ಮಾಡಿದ್ದು. ಬದು ದಾಟಿ ಒಳಗೆ ಕಾಲಿಟ್ಟ ಕ್ಷಣ ನೀವು ಒಬ್ಬರ ಆಫೀಸಿನ ಒಳಗಿದ್ದೀರಿ. ನಿಮ್ಮ ಆಫೀಸಿಗೆ ನಾಳೆ ಇಪ್ಪತ್ತು ಜನ ಬಂದು, ಲ್ಯಾಪ್‌ಟಾಪ್ ಪಕ್ಕಕ್ಕೆ ತಳ್ಳಿ, ನಿಮ್ಮ ಟೇಬಲ್ ಮೇಲೆ ಹತ್ತಿ ಪೋಸು ಕೊಟ್ರೆ ಸೆಕ್ಯುರಿಟಿ ಸುಮ್ನಿರ್ತಾನಾ? ಮೈಸೂರು ಅರಮನೆಗೆ ಟಿಕೆಟ್ ತಗೋತೀರಿ. ಪ್ರೀ-ವೆಡ್ಡಿಂಗ್ ಶೂಟಿಗೆ ಫೋಟೋಗ್ರಾಫರ್ ಕೇಳಿದಷ್ಟು ಕೊಡ್ತೀರಿ, ಅವನನ್ನ ಯಾರೂ ಕಮರ್ಷಿಯಲ್ ಅನ್ನಲ್ಲ, ಪ್ರೊಫೆಷನಲ್ ಅಂತೀರಿ. ಅದೇ ಫೋಟೋದ ಹಿನ್ನೆಲೆ ಬೆಳೆದವನು ಹತ್ತೋ ಇಪ್ಪತ್ತೋ ಕೇಳಿದ್ರೆ ಮಾತ್ರ ಹಳ್ಳಿಯ ಮುಗ್ಧತೆ ಹಾಳಾಗೋಯ್ತು! ಮುಗ್ಧತೆ ಅನ್ನೋದು ನಮ್ಮೂರಿನ ರೈತ ನಿಮಗೋಸ್ಕರ ಪುಕ್ಕಟೆ ಸಾಕ್ಬೇಕಾದ ಪ್ರಾಣಿ ಅಲ್ಲ.

ಇದು ಗುಂಡ್ಲುಪೇಟೆಯವರು ಹೊಸದಾಗಿ ಕಂಡುಹಿಡಿದ ದುರಾಸೆಯೂ ಅಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಅಂತ ಸರೋವರದ ದಡದ ಊರೊಂದಿದೆ, ಎಂಟುನೂರು ಜನ ಕೂಡ ಇಲ್ಲ. ಸೀಸನ್ನಿನಲ್ಲಿ ದಿನಕ್ಕೆ ಹತ್ತು ಸಾವಿರ ಜನ ಬರೋದುಂಟು. 2023ರಲ್ಲಿ ಅಲ್ಲಿ ಎಲ್ಲರೂ ಸೆಲ್ಫಿ ತೆಗೆಯೋ ಜಾಗಕ್ಕೆ ಮರದ ಬೇಲಿ ಹಾಕಿ ನೋಟವನ್ನೇ ಮುಚ್ಚಿಬಿಟ್ರು. ಗಲಾಟೆಯಾಗಿ ಬೇಲಿ ತೆಗೆದ್ರು ಅನ್ನೋದು ಬೇರೆ ಮಾತು. ಅದೇ ವರ್ಷ ಇಟಲಿಯ ಪೋರ್ಟೊಫಿನೊದಲ್ಲಿ ಕೆಲವು ಕಡೆ ನಿಂತು ದಾರಿ ಕಟ್ಟೋರಿಗೆ 275 ಯೂರೋವರೆಗೆ ದಂಡ ಅಂತ ಮಾಡಿದ್ರು. ಯೂರೋಪಿನೋರು ದಂಡ ಹಾಕಿದ್ರೆ ಅದು ಶಿಸ್ತು, ನಮ್ಮೋರು ಇಪ್ಪತ್ತು ರೂಪಾಯಿ ಕೇಳಿದ್ರೆ ಸುಲಿಗೆ. ಚೆನ್ನಾಗಿದೆ ನ್ಯಾಯ.

ಈ 'ಸ್ಪಾಟ್' ಅನ್ನೋ ಪದದಲ್ಲೇ ಎಡವಟ್ಟಿದೆ. ಹೊಲ ಅಂದ್ರೆ ಯಾರ ಹೊಲ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ. ಕಾಡು ಅಂದ್ರೆ ಅಲ್ಲಿ ಯಾರಿದ್ದಾರೆ ಅಂತ ಒಂದು ಭಯ ಇರುತ್ತೆ. ಸ್ಪಾಟ್ ಅಂದ್ಬಿಟ್ರೆ ಅಲ್ಲಿ ಯಾರೂ ಇಲ್ಲ, ನೀವು ಮತ್ತು ನಿಮ್ಮ ಫೋನು ಅಷ್ಟೇ. ಹೊಲ ಬಿಟ್ಟು ಇನ್ನೊಂದಿಷ್ಟು ದೂರ ಊಟಿ ರಸ್ತೆಯಲ್ಲಿ ಹೋದ್ರೆ ಇದರ ಪರಿಣಾಮ ಕಾಣುತ್ತೆ. ಬಂಡೀಪುರದ ಒಳಗೆ ಗಾಡಿ ನಿಲ್ಲಿಸಬಾರದು, ಇಳಿಯಬಾರದು ಅಂತ ಬೋರ್ಡ್ ಮೇಲೆ ಬೋರ್ಡ್ ಇದೆ. ಆದ್ರೂ 2025ರ ಆಗಸ್ಟ್‌ನಲ್ಲಿ ಒಬ್ಬರು ಆನೆ ಜೊತೆ ಸೆಲ್ಫಿಗೆ ಹೋಗಿ, ಅದು ಅಟ್ಟಿಸಿಕೊಂಡು ಬಂದು, ಕಾಲಡಿಗೆ ಸಿಕ್ಕಿ ಹೇಗೋ ಬದುಕಿದ್ರು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕ್ತು. ರೈತ ಇಪ್ಪತ್ತು ಕೇಳ್ತಾನೆ, ಆನೆ ಚೌಕಾಸಿ ಮಾಡೋದಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ನಿಮ್ಮ ಕಾರು ಬಿಡದೆ, ಬುಡದಿಂದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಹತ್ತಿಸೋದು ಕೂಡ ನಿಮಗೆ ಕಾಟ ಕೊಡೋಕಲ್ಲ. ಅದು ಹುಲಿ ಸಂರಕ್ಷಿತ ಪ್ರದೇಶ. ಮಂಜು ನೋಡೋಕೆ ಬಂದವರ ಹೊಗೆಯೇ ಮಂಜಿಗಿಂತ ಹೆಚ್ಚಾಗಬಾರದು ಅನ್ನೋದು ದೊಡ್ಡ ಆಸೆಯೇನಲ್ಲ.

ಇನ್ನೂ ಒಂದು ವಿಷಯ ಇದೆ, ನನ್ನ ಪ್ರಕಾರ ಮುಖ್ಯವಾದದ್ದು. ಕರ್ನಾಟಕ ಸೂರ್ಯಕಾಂತಿಗೆ ಹೆಸರಾದ ರಾಜ್ಯ. ಆದ್ರೆ ಹಿಂದಿನ ದಶಕಗಳಿಗೆ ಹೋಲಿಸಿದ್ರೆ ಬಿತ್ತನೆ ಪ್ರದೇಶ ತೀರಾ ಕುಗ್ಗಿದೆ. ನಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಹೊರದೇಶದಿಂದ ಹಡಗಿನಲ್ಲಿ ಬರುತ್ತೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಇಲ್ಲಿ ಎಣ್ಣೆ ಪ್ಯಾಕೆಟ್ಟಿನ ಬೆಲೆ ಏರಿದ್ದು ನಿಮಗೂ ನೆನಪಿರಬೇಕು. ಆಮದು ಎಣ್ಣೆ ಎದುರು ಮಳೆ ನಂಬಿ ಬಿತ್ತೋ ರೈತ ಎಷ್ಟು ವರ್ಷ ನಿಲ್ತಾನೆ? ಒಂದು ವರ್ಷ ಕೈ ಕಚ್ಚಿದ್ರೆ ಮುಂದಿನ ವರ್ಷ ಬೇರೆ ಬೆಳೆ ನೋಡ್ಕೋತಾನೆ. ಆಗ ನಿಮ್ಮ ಪಟ್ಟಿಯಿಂದ ಗುಂಡ್ಲುಪೇಟೆ ತಾನಾಗೇ ಬಿದ್ದುಹೋಗುತ್ತೆ. ನೀವು ಕೊಡೋ ಇಪ್ಪತ್ತು ರೂಪಾಯಿಯಿಂದ ಅವನು ಉದ್ಧಾರ ಆಗಲ್ಲ, ಗೊತ್ತು. ಆದ್ರೆ ಮುಂದಿನ ಮುಂಗಾರಿಗೂ ಇದನ್ನೇ ಬಿತ್ತೋಣ ಅನ್ನೋಕೆ ಅದೂ ಒಂದು ಕಾರಣ ಆದ್ರೆ, ಆ ಹಳದಿ ಉಳಿಯೋದ್ರಲ್ಲಿ ನಿಮ್ಮದೂ ಪಾಲು. ಲೈಕುಗಳಿಂದ ಯಾವ ಬೀಜವೂ ಮೊಳೆಯಲ್ಲ.

ಬರಬೇಡಿ ಅಂತ ನಾನು ಹೇಳ್ತಿಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಯಾವಾಗ ಬೇಕಾದ್ರೂ ಬನ್ನಿ, ಹೆದ್ದಾರಿ ಪಕ್ಕ ಒಂದಲ್ಲ ಒಂದು ಹೊಲ ಅರಳಿರುತ್ತೆ. ಬದುವಿನ ಮೇಲೆ ನಿಲ್ಲಿ. ಹೊಲದವರು ಕಂಡ್ರೆ ಅವರು ಕೇಳೋ ಮುಂಚೆ ನೀವೇ ಮಾತಾಡಿಸಿ, ಅಣ್ಣಾ ಒಳಗೆ ಬರಬಹುದಾ ಅಂತ. ಬೇಡ ಅಂದ್ರೆ ಬೇಡ. ದುಡ್ಡು ಅಂದ್ರೆ ಚಿಲ್ಲರೆ ಇಟ್ಕೊಂಡು ಬನ್ನಿ. ಹೂವು ಕೀಳಬೇಡಿ. ಚಿಪ್ಸ್ ಕವರ್ರು ಬಿಸಾಡಿ ಹೋಗಬೇಡಿ.

ನಿಜವಾಗ್ಲೂ ಕ್ಯಾಮೆರಾ ಪ್ರೀತಿ ಇರೋರಾದ್ರೆ ಒಂದು ಗಂಟೆ ಹೆಚ್ಚಿಗೆ ಕೊಡಿ. ಗುಂಡ್ಲುಪೇಟೆ ಊರೊಳಗೇ ಹಳೆಯ ವಿಜಯನಾರಾಯಣ ದೇವಸ್ಥಾನ ಇದೆ. ಚಾಮರಾಜನಗರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ ಚಾಮರಾಜೇಶ್ವರ ಇದೆ. ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರನ ಗೋಪುರದ ಮೇಲೆ ಗಾರೆಯಲ್ಲಿ ಮಾಡಿದ ಶಿಲ್ಪಗಳು ಇನ್ನೂ ಉಳಿದಿವೆ. ಈ ಜಾಗಗಳು ಆ ಹತ್ತರ ಪಟ್ಟಿಯಲ್ಲಿ ಕಾಣೋದಿಲ್ಲ, ಯಾಕಂದ್ರೆ ಪಟ್ಟಿ ಮಾಡಿದವರು ಇನ್ನೊಂದು ಪಟ್ಟಿ ನೋಡಿ ಮಾಡಿರ್ತಾರೆ. ಅಲ್ಲೂ ಅಷ್ಟೇ, ಮೊದಲು ಚಪ್ಪಲಿ ಬಿಡಿ, ಫೋಟೋ ತೆಗೀಬಹುದಾ ಅಂತ ಕೇಳಿ, ಆಮೇಲೆ ಕ್ಯಾಮೆರಾ ತೆಗೀರಿ.