ಖಾಲಿ ಸಾಲಿನ ಕರಾಮತ್ತು ಮತ್ತು ನಂಬಲಾಗದ ಸರ್ವರ್

ಕಂದಾಯ ಇಲಾಖೆಗೆ ಸೇರಿದ ಹೊಸತರಲ್ಲಿ ಕಚೇರಿಯೊಂದರ ಆವಕ ವಹಿಯನ್ನು ತಪಾಸಣೆ ಮಾಡುತ್ತಿದ್ದೆ. ಅಲ್ಲಲ್ಲಿ ಒಂದೊಂದು ಸಾಲನ್ನು ಖಾಲಿ ಬಿಡಲಾಗಿತ್ತು. ವಯಸ್ಸಾದ ಶಿರಸ್ತೇದಾರರನ್ನು ಕೇಳಿದೆ. 'ಬೇಕಾಗ್ತದೆ ಸಾರ್' ಎಂದು ನಕ್ಕರು. ಇಂದು ಬಂದ ಅರ್ಜಿಗೆ ಹೋದ ವಾರದ ದಿನಾಂಕ ಒದಗಿಸುವ ಉಪಾಯವದು. ಯಾವ ಕಾಗದವನ್ನೂ ತಿದ್ದಬೇಕಿರಲಿಲ್ಲ; ಹಿಂದಿನದನ್ನು ಮುಂದೆ ಮಾಡಿದರೆ ಸಾಕಿತ್ತು.

ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡವು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟುಪಾಡನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು. ನನ್ನ ದೃಷ್ಟಿಯಲ್ಲಿ ಆ ಯೋಜನೆಯ ನಿಜವಾದ ಸುಧಾರಣೆ ಇದು. ಆದರೆ ಸರದಿ ಕಾಯುವ ಸರ್ವರೇ ಕೆಟ್ಟರೆ, ಅಥವಾ ಅದರ ಕೀಲಿಕೈ ಉಳ್ಳವರೇ ಕೆಟ್ಟರೆ? ಇಂದು ನೋಂದಣಿ 'ಕಾವೇರಿ'ಯಲ್ಲಿ, ಪಹಣಿ 'ಭೂಮಿ'ಯಲ್ಲಿ, ಸಾಲದ ಲೆಕ್ಕ ಬ್ಯಾಂಕಿನಲ್ಲಿ, ತಡೆಯಾಜ್ಞೆ ನ್ಯಾಯಾಲಯದಲ್ಲಿ. ಋಣಭಾರ ಇಲ್ಲವೆಂದು ಖಚಿತಪಡಿಸಿಕೊಂಡು ಜಮೀನು ಕೊಂಡವನಿಗೆ, ಕ್ರಯವಾದ ಮೇಲೆ ಹಳೆಯ ದಿನಾಂಕದ ಋಣವೊಂದು ಪ್ರತ್ಯಕ್ಷವಾದರೆ ಅವನ ಬಳಿ ಇರುವ ಸಾಕ್ಷ್ಯವೇನು?

ಗಣಕವಿಜ್ಞಾನಿಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದಾರೆ. ದೂರದೂರದ ಯಂತ್ರಗಳ ಗಡಿಯಾರಗಳನ್ನು ನಂಬದೆಯೂ ಘಟನೆಗಳ ಹಿಂದುಮುಂದನ್ನು ಗುರುತಿಸುವ ಬಗೆಯನ್ನು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ತೋರಿಸಿದರು: ಒಂದರ ಸುದ್ದಿ ತಲುಪಿದ ಮೇಲೆ ನಡೆದದ್ದು ಅದರ ನಂತರದ್ದು. 1982ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳೊಡನೆ ಸುಳ್ಳುಗಾರರ ಲೆಕ್ಕ ಹಾಕಿದರು. ಬರಿಯ ಬಾಯಿಮಾತಿನ ವ್ಯವಹಾರದಲ್ಲಿ ಒಬ್ಬ ದ್ರೋಹಿಯನ್ನು ತಾಳಿಕೊಳ್ಳಲು ಒಟ್ಟು 4 ಜನ ಬೇಕು; ನಕಲು ಮಾಡಲಾಗದ ಸಹಿಯಿದ್ದರೆ 3 ಜನ ಸಾಕು. (ಸಹಿಯ ಬೆಲೆಯನ್ನು ಸರ್ಕಾರಿ ನೌಕರನಿಗೆ ಯಾರೂ ಹೇಳಿಕೊಡಬೇಕಿಲ್ಲ.)

ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ 'ಡಿಪೋ' ಎಂಬ ವ್ಯವಸ್ಥೆ ಸರ್ವರ್‌ನ ಪ್ರಾಮಾಣಿಕತೆಯನ್ನು ನೆಚ್ಚುವುದೇ ಇಲ್ಲ. ಅಲ್ಲಿ ಪ್ರತಿಯೊಂದು ಬದಲಾವಣೆಯೂ ತನ್ನ ಹಿಂದಿನ ದಾಖಲೆಗಳ ಗಣಿತದ ಬೆರಳಚ್ಚನ್ನೂ ಬರೆದವನ ಸಹಿಯನ್ನೂ ಹೊತ್ತಿರುತ್ತದೆ. ಹಿಂದೆ ಒಂದಕ್ಷರ ಬದಲಾದರೂ ಬೆರಳಚ್ಚು ತಾಳೆಯಾಗದು. ಖಾಲಿ ಸಾಲಿಗೆ ಎಡೆಯಿಲ್ಲ. ವಂಚಕನು ದಾಖಲೆಯನ್ನು ಬಚ್ಚಿಡಬಹುದು, ಇಲ್ಲವೇ ಒಂದೇ ದಾಖಲೆಗೆ ಎರಡು ಬಗೆಯ ಮುಂದುವರಿಕೆ ಬರೆದು ನನಗೊಂದು, ನಿಮಗೊಂದು ತೋರಿಸಬಹುದು. ನಾವಿಬ್ಬರೂ ತಾಳೆ ನೋಡಿದ ದಿನ ಅವನ ಸಹಿಯೇ ಅವನ ವಿರುದ್ಧ ಸಾಕ್ಷಿಯಾಗುತ್ತದೆ.

ಅತಿಯಾದ ಭರವಸೆ ಬೇಡ. ಒಂದೇ ನಿವೇಶನವನ್ನು ಒಂದೇ ಬೆಳಿಗ್ಗೆ ಎರಡು ಕಡೆ ಮಾರಿದರೆ, ಒಂದರ ಸುದ್ದಿ ಇನ್ನೊಂದಕ್ಕೆ ತಲುಪದಿರುವಾಗ, ಯಾವುದು ಮೊದಲೆಂದು ಈ ಸರಪಣಿ ಹೇಳಲಾರದು. ಅದಕ್ಕೆ ಸರ್ವರ್‌ಗಳ ನಡುವೆ ಒಮ್ಮತ ಬೇಕು. ಅದು ನಿಧಾನವಾದದ್ದು, ದುಬಾರಿಯೂ ಹೌದು. ಹಳೆಯ ದಿನಾಂಕದ ವಂಚನೆಯನ್ನು ಹಿಡಿಯಲು ಮಾತ್ರ ಅಷ್ಟೆಲ್ಲ ಬೇಕಿಲ್ಲ.

ಪಹಣಿಯ ಪ್ರತಿಗೆ ಡಿಜಿಟಲ್ ಸಹಿ ಈಗಾಗಲೇ ಇದೆ. ಸಹಿಯೊಂದೇ ಆ ಪುಟವನ್ನು ದೃಢೀಕರಿಸುತ್ತದೆಯೇ ಹೊರತು ಅದರ ಹಿಂದೇನಿತ್ತೆಂದು ಹೇಳುವುದಿಲ್ಲ. ಅರ್ಜಿದಾರನಿಗೆ ಕೊಡುವ ಪ್ರತಿ ಸ್ವೀಕೃತಿಯ ಮೇಲೂ ಹಿಂದಿನ ನಮೂದಿನ ಬೆರಳಚ್ಚು ಮುದ್ರಿತವಾಗಲಿ. ಇಡೀ ವಹಿಯ ಬೆರಳಚ್ಚನ್ನು ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಪ್ರಕಟಿಸಲಿ. ಅಮೆರಿಕದ ಕಂಪನಿಯೊಂದು ತನ್ನ ದಾಖಲೆಗಳಿಗಾಗಿ 1995ರಲ್ಲೇ ಹೀಗೆ ಜಾಹೀರಾತು ಕೊಡಲು ಆರಂಭಿಸಿತ್ತು. ಒಂದು ತಾಲ್ಲೂಕಿನಲ್ಲಿ ಆರು ತಿಂಗಳು ನಡೆಸಿ ನೋಡಲು ಹೊಸ ಕಾನೂನಿಗೆ ಕಾಯಬೇಕೆಂದು ನನಗೆ ತೋರುವುದಿಲ್ಲ.