ಕರಾವಳಿ ಕೊಟ್ಟದ್ದು ಜಮೀನು, ಕೇಳಬೇಕಾದದ್ದು ವಿಶ್ವವಿದ್ಯಾಲಯ

ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಸರ್ವಋತು ಬಂದರು ಕಟ್ಟುವ ಹೊಣೆ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಯ ಪಾಲಾದದ್ದು 2023ರ ನವೆಂಬರ್‌ನಲ್ಲಿ. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್ ಸರಕು. 2025ರಲ್ಲಿ ಕಡಲಲ್ಲಿ ಸಮೀಕ್ಷೆ ಶುರುವಾದಾಗ ಕೇಣಿಯ ಮೀನುಗಾರರು ಬೀದಿಗಿಳಿದರು, ಹೆಂಗಸರು ಮುಂದೆ ನಿಂತರು, ನಿಷೇಧಾಜ್ಞೆ ಬಂತು. ಅಹವಾಲು ಸಭೆಗೆ ಅಂಕೋಲೆಯೇ ಎದ್ದು ಬಂದಂತಿತ್ತು. ಬಂದರು ಬೇಕೇ ಬೇಡವೇ ಎಂಬ ಜಗಳದ ನಡುವೆ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ. ಈ ಕಡಲಿನ ಬಗ್ಗೆ ತಿಳಿದು ಹೇಳುವವರು ಯಾರು? ಅವರು ಎಲ್ಲಿ ಕೂತು ಕೆಲಸ ಮಾಡುತ್ತಾರೆ, ಅವರಿಗೆ ಸಂಬಳ ಕೊಡುವವರು ಯಾರು?

ಇದನ್ನು ಯೋಚಿಸುವಾಗ ನನಗೆ ಜಪಾನಿನ ಒಂದು ದ್ವೀಪ ಕಣ್ಣಮುಂದೆ ಬರುತ್ತದೆ. ಒಕಿನಾವಾ ಜಪಾನಿನ ತೆಂಕಣ ತುದಿ. ಎರಡನೇ ಮಹಾಯುದ್ಧದ ಭೀಕರ ಕದನವೊಂದನ್ನು ಕಂಡ ನೆಲ. 1972ರವರೆಗೆ ಅಮೆರಿಕದ ಆಡಳಿತದಲ್ಲಿತ್ತು. ಜಪಾನಿನ ಒಟ್ಟು ಭೂಭಾಗದಲ್ಲಿ ಅದರ ಪಾಲು ಶೇ 0.6 ಮಾತ್ರ. ಆದರೆ ಆ ದೇಶದಲ್ಲಿ ಅಮೆರಿಕ ಸೇನೆಗೆಂದೇ ಬಿಟ್ಟುಕೊಟ್ಟ ಜಾಗದಲ್ಲಿ ಶೇ 70ರಷ್ಟು ಅಲ್ಲಿಯೇ ಇದೆ. ತಲಾ ಆದಾಯದಲ್ಲಿ ಅದು ಜಪಾನಿನ ಕಟ್ಟಕಡೆಯ ಪ್ರಾಂತ. ದೇಶದ ರಕ್ಷಣೆಯ ಭಾರ ಹೊತ್ತ, ಬದಲಿಗೆ ಹೆಚ್ಚೇನೂ ಪಡೆಯದ ಕಡಲತೀರ ಎಂದರೆ ಹೇಗಿರುತ್ತದೆ ಎಂಬುದನ್ನು ಕಾರವಾರ, ಅಂಕೋಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಒಕಿನಾವಾದಲ್ಲಿ ವಿಶ್ವದರ್ಜೆಯ ವಿಜ್ಞಾನ ವಿಶ್ವವಿದ್ಯಾಲಯ ಕಟ್ಟಬೇಕೆಂಬ ಪ್ರಸ್ತಾವವನ್ನು 2001ರಲ್ಲಿ ಮುಂದಿಟ್ಟವರು ಆಗ ಒಕಿನಾವಾ ವ್ಯವಹಾರ ಮತ್ತು ವಿಜ್ಞಾನ ಖಾತೆಗಳ ಸಚಿವರಾಗಿದ್ದ ಕೋಜಿ ಓಮಿ. ನೊಬೆಲ್ ಪುರಸ್ಕೃತ ಅಣುಜೀವಶಾಸ್ತ್ರಜ್ಞ ಸಿಡ್ನಿ ಬ್ರೆನ್ನರ್ ಅದರ ಮೊದಲ ಹಂತದ ಸಾರಥ್ಯ ವಹಿಸಿದರು. 2009ರಲ್ಲಿ ಸಂಸತ್ತು ಅದಕ್ಕೆಂದೇ ಪ್ರತ್ಯೇಕ ಕಾನೂನು ಮಾಡಿತು. 2011ರಲ್ಲಿ ಒಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಅಧಿಕೃತವಾಗಿ ವಿಶ್ವವಿದ್ಯಾಲಯವಾಯಿತು, 2012ರ ಸೆಪ್ಟೆಂಬರ್‌ನಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಬಂದರು. ಓಇಸ್ಟ್ ಎಂದೇ ಅದು ಹೆಸರುವಾಸಿ. ಅಲ್ಲಿ ಪದವಿ ತರಗತಿಗಳಿಲ್ಲ, ಐದು ವರ್ಷಗಳ ಪಿಎಚ್.ಡಿ ಮಾತ್ರ. ವಿಭಾಗಗಳೆಂಬ ಗೋಡೆಗಳಿಲ್ಲ. ಮೊದಲ ವರ್ಷ ವಿದ್ಯಾರ್ಥಿ ಮೂರು ಪ್ರಯೋಗಾಲಯಗಳಲ್ಲಿ ಕೆಲಸ ಮಾಡಬೇಕು, ಅದರಲ್ಲಿ ಒಂದು ಅವನ ವಿಷಯಕ್ಕೆ ಹೊರತಾದದ್ದೇ ಇರಬೇಕು. ಪಾಠ, ಸಂಶೋಧನೆ ಎಲ್ಲವೂ ಇಂಗ್ಲಿಷಿನಲ್ಲಿ. ವಿದ್ಯಾರ್ಥಿಗಳಲ್ಲಿ ಸುಮಾರು ಶೇ 80 ಮಂದಿ ಹೊರದೇಶದವರು, ಭಾರತದಿಂದ ಹೋದವರೂ ಅವರಲ್ಲಿದ್ದಾರೆ. 2019ರಲ್ಲಿ ನೇಚರ್ ಇಂಡೆಕ್ಸ್‌ನವರು ಸಂಸ್ಥೆಯ ಗಾತ್ರಕ್ಕೆ ತಕ್ಕಂತೆ ಸಂಶೋಧನೆಯನ್ನು ಅಳೆದಾಗ ಅದು ಜಗತ್ತಿನಲ್ಲೇ ಒಂಬತ್ತನೆಯದಾಗಿತ್ತು. 2022ರಲ್ಲಿ ನೊಬೆಲ್ ಪಡೆದ ಸ್ವಾಂತೆ ಪಾಬೊ ಅಲ್ಲಿಯ ಅಡ್ಜಂಕ್ಟ್ ಪ್ರಾಧ್ಯಾಪಕರ ಬಳಗದವರು.

ಶ್ರೇಯಾಂಕಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆ ವಿಶ್ವವಿದ್ಯಾಲಯ ತನ್ನ ಬುಡದಲ್ಲಿರುವ ಒನ್ನಾ ಎಂಬ ಹಳ್ಳಿಯ ಮೀನುಗಾರರೊಡನೆ ಇಟ್ಟುಕೊಂಡಿರುವ ಸಂಬಂಧ. ಒಕಿನಾವಾದವರು ಮೊಝುಕು ಎಂಬ ಕಂದು ಬಣ್ಣದ, ಲೋಳೆಯಂಥ ಕಡಲಪಾಚಿಯನ್ನು ಆಳವಿಲ್ಲದ ನೀರಿನಲ್ಲಿ ಬಲೆ ಹಾಸಿ ಬೆಳೆಯುತ್ತಾರೆ. ಕೊಯ್ಲಿಗೆ ನೀರಿಗಿಳಿದು, ಪಂಪಿನ ಕೊಳವೆಯಿಂದ ಅದನ್ನು ದೋಣಿಗೆ ಹೀರುತ್ತಾರೆ. ಜಪಾನಿನ ಮೊಝುಕು ಬಹುಪಾಲು ಬರುವುದೇ ಅಲ್ಲಿಂದ. ಕಡಲು ಕಾಯತೊಡಗಿದಂತೆ ಈ ಬೆಳೆಗೆ ಕುತ್ತು ಬಂತು. 2016ರಲ್ಲಿ ಓಇಸ್ಟ್‌ನ ತಂಡ ಆ ಪಾಚಿಯ ಜೀನೋಮನ್ನು ಬಿಡಿಸಿಟ್ಟಿತು. ಯಾವ ತಳಿ ಯಾವುದು, ಯಾವುದು ಬಿಸಿಗೆ ತಾಳೀತು ಎಂದು ಹುಡುಕಲು ಬೇಕಾದ ಮೊದಲ ನಕ್ಷೆ ಅದು. ಹವಳದ ಕಥೆಯೂ ಹಾಗೆಯೇ. ಒನ್ನಾದ ಮೀನುಗಾರಿಕಾ ಸಹಕಾರ ಸಂಘ 1990ರ ದಶಕದ ಕೊನೆಯಿಂದಲೇ ಹವಳವನ್ನು ನೆಟ್ಟು ಬೆಳೆಸುತ್ತಿತ್ತು. ಹಾಗೆ ನೆಟ್ಟ ಹವಳಗಳೆಲ್ಲ ಒಂದೇ ತಾಯಿಯ ತುಣುಕುಗಳಾಗಿದ್ದರೆ ಒಂದು ರೋಗಕ್ಕೆ ಎಲ್ಲವೂ ಸತ್ತಾವು ಎಂಬ ಅಳುಕಿತ್ತು. ಹವಳದ ಜೀನೋಮನ್ನು ಜಗತ್ತಿನಲ್ಲಿ ಮೊದಲು ಬಿಡಿಸಿದವರು ಇದೇ ಸಂಸ್ಥೆಯವರು, 2011ರಲ್ಲಿ. ಅವರು ಮೀನುಗಾರರ ಹವಳವನ್ನೂ ಕಾಡು ಹವಳವನ್ನೂ ಪಕ್ಕಪಕ್ಕ ಇಟ್ಟು ತಳಿವೈವಿಧ್ಯವನ್ನು ಪರೀಕ್ಷಿಸಿದರು. ಮೀನುಗಾರರು ಮಾಡುತ್ತ ಬಂದ ಕೆಲಸಕ್ಕೆ ವಿಜ್ಞಾನ ಹೆಗಲು ಕೊಟ್ಟಿತು.

ಈಗ ನಮ್ಮ ಕಡಲಿಗೆ ಬರೋಣ. ಹೊರಗಿನವರು ಈ ತೀರವನ್ನು ನೋಡಿದ್ದು ಯಾವಾಗಲೂ ಬಂದರಿನ ಕಣ್ಣಿನಿಂದ. 1862ರಲ್ಲಿ ಕೆನರಾದ ಉತ್ತರ ಭಾಗವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದ ಮ್ಯಾಂಚೆಸ್ಟರ್‌ಗೆ ಸಾಗಿಸುವ ಲೆಕ್ಕಾಚಾರವಿತ್ತು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರ್ಗಾ, ಬಿಣಗಾ, ಚೆಂಡಿಯಾ, ಅಮದಳ್ಳಿಯಿಂದ ಹಾರವಾಡದವರೆಗೆ 11 ಸಾವಿರ ಎಕರೆಗೂ ಹೆಚ್ಚು ನೆಲ ಹೋಯಿತು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎತ್ತಂಗಡಿಯಾದವು. ಪರಿಹಾರಕ್ಕಾಗಿ ಕೋರ್ಟು ಅಲೆದ ತಂದೆಯ ಕಡತವನ್ನು ಮಗ ಮುಂದುವರಿಸಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಕೈಗಾ ಅಣುಸ್ಥಾವರ, ಕಾಳಿಯ ಅಣೆಕಟ್ಟುಗಳು, ಕೊಂಕಣ ರೈಲು, ಚತುಷ್ಪಥ ಹೆದ್ದಾರಿ, ಅಲಗೇರಿಯ ವಿಮಾನ ನಿಲ್ದಾಣ, ಒಂದಾದ ಮೇಲೊಂದು. ಇಷ್ಟಾಗಿಯೂ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯ ಜನ ಸಾಮಾಜಿಕ ಜಾಲತಾಣದಲ್ಲಿ ಅಭಿಯಾನ ಮಾಡಬೇಕಾಯಿತು.

ಕಡಲನ್ನು ಓದುವ ಕೆಲಸ ಇಲ್ಲಿ ನಡೆದೇ ಇಲ್ಲ ಎಂದಲ್ಲ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ಸ್ನಾತಕೋತ್ತರ ವಿಭಾಗವಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ, ಪಂಜರದಲ್ಲಿ ಮೀನು ಸಾಕುವ ಪ್ರಯೋಗಗಳಿಗೆ ಅದು ಹೆಸರಾಯಿತು. ಕೋಡಿಬಾಗದಲ್ಲಿ ಓದಿದವರು ದೇಶದ ಎಷ್ಟೋ ಸಂಸ್ಥೆಗಳಲ್ಲಿದ್ದಾರೆ. ಅದು ನಮ್ಮ ಕೈಯಲ್ಲಿದ್ದ ಬೀಜ. ಧಾರವಾಡದ ದೂರದ ಕೊಠಡಿಯೆಂಬಂತೆ ಅದನ್ನು ಇಟ್ಟುಕೊಂಡಿದ್ದೇವೆ. ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳೆಲ್ಲ ಕಾಯಂ ಅಧ್ಯಾಪಕರಿಲ್ಲದೆ, ಅತಿಥಿ ಉಪನ್ಯಾಸಕರನ್ನು ನಂಬಿ ದಿನ ತಳ್ಳುತ್ತಿರುವಾಗ ಅಂಚಿನ ಕೇಂದ್ರಗಳನ್ನು ಕೇಳುವವರು ಯಾರು?

ಸ್ಥಳೀಯವಾಗಿ ಬೇರುಬಿಟ್ಟ ಸಂಶೋಧನೆ ಏನು ಮಾಡಬಲ್ಲದು ಎಂಬುದಕ್ಕೆ ಪಕ್ಕದ ಕುಮಟೆಯಲ್ಲೇ ಸಾಕ್ಷಿಯಿದೆ. ಅಘನಾಶಿನಿಯ ಅಳಿವೆಯಲ್ಲಿ, ತದಡಿಯಲ್ಲಿ, 4,000 ಮೆಗಾವಾಟ್‌ನ ಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ವಿರೋಧಕ್ಕೆ ಘೋಷಣೆಯಷ್ಟೇ ಅಲ್ಲ, ದಾಖಲೆಯೂ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಕುಮಟಾ ಕ್ಷೇತ್ರ ಕೇಂದ್ರದಲ್ಲಿ ದುಡಿದ, ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು ಅಳಿವೆಯ ಬಳಚು ಎಂಬ ಚಿಪ್ಪುಜೀವಿ, ಕಾಂಡ್ಲಾ ಗಿಡ, ಮೀನು, ಉಪ್ಪುನೀರಿನ ಗಜನಿ ಗದ್ದೆಗಳನ್ನು ವರ್ಷಗಟ್ಟಲೆ ಓದಿದ್ದರು. ಬಳಚು ಆಯುವ ಹೆಂಗಸರ ದುಡಿಮೆಗೂ ಒಂದು ಆರ್ಥಿಕತೆಯಿದೆ ಎಂದು ಅಂಕಿಅಂಶ ಸಹಿತ ತೋರಿಸಿದ್ದರು. ಸ್ಥಾವರ ಬರಲಿಲ್ಲ. 2024ರಲ್ಲಿ ಅಘನಾಶಿನಿಗೆ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು. ಒಬ್ಬಿಬ್ಬರ ಬದುಕಿನುದ್ದದ ಶ್ರಮದಿಂದ ಇಷ್ಟಾಯಿತು. ಒಂದು ಪೂರ್ಣ ಸಂಸ್ಥೆಯೇ ಇದ್ದಿದ್ದರೆ?

ಅಂಕೋಲಾ ತಾಲ್ಲೂಕಿನ ಶಿರೂರನ್ನೂ ನೆನೆಯಬೇಕು. 2024ರ ಜುಲೈ 16ರಂದು ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಕುಸಿದು 11 ಮಂದಿ ಬಲಿಯಾದರು. ಆಮೇಲೆ ಭೂವಿಜ್ಞಾನಿಗಳು ಬಂದರು, ನೌಕಾಪಡೆಯ ಮುಳುಗುಗಾರರು ಬಂದರು, ಗೋವೆಯಿಂದ ಡ್ರೆಜರ್ ಬಂತು. ಕುಸಿತದಲ್ಲಿ ಕಾಣೆಯಾಗಿದ್ದ ಕೇರಳದ ಚಾಲಕನೊಬ್ಬನ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಗುಡ್ಡವನ್ನು ನೆಟ್ಟಗೆ ಕಡಿದ ದಿನವೇ ಇದು ನಿಲ್ಲುವುದಿಲ್ಲ ಎಂದು ಅಧಿಕಾರದ ದನಿಯಲ್ಲಿ ಹೇಳಬಲ್ಲ ಸಂಸ್ಥೆ ಜಿಲ್ಲೆಯೊಳಗೆ ಇರಲಿಲ್ಲ. ಊರಿನವರು ಹೇಳಿದ್ದರೂ ಅದು ಊರಿನವರ ಮಾತಾಗಿಯೇ ಉಳಿಯಿತು. ಊರಿನವರ ಅರಿವಿಗೆ ನಮ್ಮಲ್ಲಿ ಸಿಗುವುದು ಸನ್ಮಾನ ಮಾತ್ರ. ಇದೇ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರಿಗೆ ಪದ್ಮಶ್ರೀ ಕೊಟ್ಟೆವು, ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೂ ಕೊಟ್ಟೆವು. ಇಬ್ಬರೂ ಈಗಿಲ್ಲ. ಮರದ ಬೀಜದ ಬಗ್ಗೆ, ಹಾಲಕ್ಕಿ ಸಮುದಾಯದ ಹಾಡಿನ ಬಗ್ಗೆ ಅವರಿಗೆ ಗೊತ್ತಿದ್ದುದನ್ನು ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಕಲಿಯುವ ವಿದ್ಯಾರ್ಥಿಗಳ ತಂಡವನ್ನು ಮಾತ್ರ ಕೊಡಲಿಲ್ಲ. ನನಗೆ ಬಹಳ ಸಂಕಟ ತರುವ ವಿಷಯ ಇದು.

ಓಇಸ್ಟ್‌ನಂಥ ಸಂಸ್ಥೆ ಇಲ್ಲಿಯೂ ಬೇಕೆಂದಾಗ ಇಂಗ್ಲಿಷಿನ ಪ್ರಶ್ನೆ ಎತ್ತುವವರಿದ್ದಾರೆ, ಎತ್ತಲೇಬೇಕು. ಈ ಕರಾವಳಿಯಲ್ಲಿ ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಕಟ್ಟಿದರೆ ಕೇಣಿಯ ಹುಡುಗಿ ಒಳಗೆ ಹೋದಾಳೆಯೇ? ಜಪಾನನ್ನು ಸರಿಯಾಗಿ ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿಯ ಮಗು ಒಂದನೇ ತರಗತಿಯಿಂದ ವಿಜ್ಞಾನದ ಪದವಿಯವರೆಗೆ ಜಪಾನಿ ಭಾಷೆಯಲ್ಲೇ ಕಲಿಯಬಲ್ಲದು. 2008ರ ಭೌತವಿಜ್ಞಾನದ ನೊಬೆಲ್ ಉಪನ್ಯಾಸವನ್ನು ತೋಶಿಹಿದೆ ಮಸ್ಕಾವಾ ಜಪಾನಿಯಲ್ಲೇ ಕೊಟ್ಟರು. ಅಷ್ಟು ಗಟ್ಟಿ ತಳಪಾಯದ ಮೇಲೆ, ಸಂಶೋಧನೆಯ ತುದಿಯಲ್ಲಿ, ಜಗತ್ತಿನೊಡನೆ ಮಾತಾಡಲು ಅವರು ಇಂಗ್ಲಿಷನ್ನು ಇಟ್ಟುಕೊಂಡರು. 1982ರಲ್ಲೇ ನೀಗಾತಾ ಪ್ರಾಂತದ ಹಿಮದ ಸೀಮೆಯಲ್ಲಿ ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ವಿಶ್ವವಿದ್ಯಾಲಯ ತೆರೆದಾಗಲೂ ಕ್ರಮ ಇದೇ ಆಗಿತ್ತು. ನಾವು 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಮಾಧ್ಯಮ ತಂದೆವು. ಮನೆಯಲ್ಲಿ ಕೊಂಕಣಿಯನ್ನೋ ಹಾಲಕ್ಕಿ ಕನ್ನಡವನ್ನೋ ಆಡುವ ಮಗುವಿಗೆ ಆರನೇ ವರ್ಷದಲ್ಲಿ ಇಂಗ್ಲಿಷಿನ ಗೋಡೆ. ಅದನ್ನು ಹಾದು ಬಂದವರಿಗೆ ಇಪ್ಪತ್ತೆರಡನೇ ವರ್ಷದಲ್ಲಿ ಹೋಗಲು ಊರ ಹತ್ತಿರ ಸಂಶೋಧನಾ ಸಂಸ್ಥೆಯಿಲ್ಲ. ಪಿಎಚ್.ಡಿ ಇಂಗ್ಲಿಷಿನಲ್ಲಿ ನಡೆಯಲಿ, ನನ್ನ ತಕರಾರಿಲ್ಲ. ಶಾಲೆಯ ವಿಜ್ಞಾನ ಕನ್ನಡದಲ್ಲಿ ಗಟ್ಟಿಯಾಗಲಿ, ಸಂಶೋಧನೆಯ ಫಲ ಕನ್ನಡದಲ್ಲಿ ಕೇಣಿಗೆ ತಲುಪಲಿ.

ಒಕಿನಾವಾದಲ್ಲಿ ಎಲ್ಲವೂ ಚಂದವಿಲ್ಲ. ಸರ್ಕಾರ ಆ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಸುಮಾರು 2,000 ಕೋಟಿ ಯೆನ್, ಅಂದರೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು, ಕೊಡುತ್ತದೆ. ಇಷ್ಟು ಹಣಕ್ಕೆ ದ್ವೀಪದ ಜನರಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆ ಅಲ್ಲಿಯೂ ಇದೆ. ವಿಶ್ವವಿದ್ಯಾಲಯ ಬಂದ ಮೇಲೂ ಸೇನಾನೆಲೆಗಳು ಹೋಗಲಿಲ್ಲ. ಹೆನೊಕೊದಲ್ಲಿ ಜನರ ವಿರೋಧದ ನಡುವೆಯೇ ಹೊಸ ನೆಲೆಗಾಗಿ ಕಡಲು ತುಂಬುವ ಕೆಲಸ ನಡೆದಿದೆ. ಇದರಿಂದ ನಾವು ಕಲಿಯಬೇಕಾದದ್ದು ಬಹಳ ಮುಖ್ಯ. ವಿಶ್ವವಿದ್ಯಾಲಯವನ್ನು ಬಂದರಿನ ಬಾಯಿ ಮುಚ್ಚಿಸುವ ಕಾಣಿಕೆಯಾಗಿ ಕರಾವಳಿ ಒಪ್ಪಿಕೊಳ್ಳಬಾರದು. ಸೀಬರ್ಡಿಗೆ ಆಗಲೇ ಕೊಟ್ಟಾಗಿರುವುದಕ್ಕೆ ದೇಶ ತೀರಿಸಬೇಕಾದ ಬಾಕಿ ಅದು.

ಹೊಸ ವಿಶ್ವವಿದ್ಯಾಲಯ ಎಂದರೆ ನಮ್ಮಲ್ಲಿ ಭಯವೂ ಹುಟ್ಟುತ್ತದೆ. ಕೊಡಗು, ಹಾವೇರಿ, ಕೊಪ್ಪಳ ಮೊದಲಾದೆಡೆ ಬೋರ್ಡು ಹಾಕಿದ ವಿಶ್ವವಿದ್ಯಾಲಯಗಳಿಗೆ ಹಣವೂ ಇಲ್ಲ, ಹುದ್ದೆಗಳೂ ಇಲ್ಲದೆ, 2025ರಲ್ಲಿ ಒಂಬತ್ತನ್ನು ಮುಚ್ಚುವ ಮಾತು ಬಂತು. ಜಿಲ್ಲೆಗೊಂದು ಎಂಬ ಲೆಕ್ಕದಲ್ಲಿ ಉತ್ತರ ಕನ್ನಡಕ್ಕೂ ಅಂಥದ್ದೊಂದು ಬೇಡ. ಈ ಜಿಲ್ಲೆಗೆ ಸಂಸ್ಥೆ ಕಟ್ಟುವುದು ಗೊತ್ತಿದೆ. ರೈತ ಹೋರಾಟಕ್ಕಾಗಿ ಗಡೀಪಾರಾಗಿದ್ದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಹಳ್ಳಿಹಳ್ಳಿಗೆ ಹೈಸ್ಕೂಲು ತೆರೆದು, 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜನ್ನು ತಂದರು. ಹಾಲಕ್ಕಿಗಳ, ನಾಡವರ, ಹರಿಕಂತರ ಮಕ್ಕಳು ಪದವಿಯ ಮೆಟ್ಟಿಲು ಹತ್ತಿದ್ದು ಹಾಗೆ. ಅವರು ಕಟ್ಟಿದ ಮೆಟ್ಟಿಲು ಪದವಿಯಲ್ಲೇ ನಿಂತು ಅರುವತ್ತು ವರ್ಷವಾಗುತ್ತ ಬಂತು.

ಓಇಸ್ಟ್‌ಗೆ ಹಣ ಬರುವುದು ಜಪಾನಿನ ಕೇಂದ್ರ ಸರ್ಕಾರದ ಒಕಿನಾವಾ ಅಭಿವೃದ್ಧಿ ಬಜೆಟ್ಟಿನಿಂದ. ಇಲ್ಲಿಯೂ ಕರ್ನಾಟಕ ಕೇಳಬೇಕಾದದ್ದು ಕೇಂದ್ರವನ್ನು, ರಕ್ಷಣೆ ಮತ್ತು ಬಂದರು ಖಾತೆಗಳನ್ನು. ಕೋಡಿಬಾಗದ ವಿಭಾಗವನ್ನು ಸಂಸತ್ತಿನ ಕಾನೂನಿನಡಿ ಸ್ವತಂತ್ರ ಸಂಶೋಧನಾ ವಿಶ್ವವಿದ್ಯಾಲಯವಾಗಿ ಬೆಳೆಸುವುದು ಮೊದಲ ಬೇಡಿಕೆಯಾಗಲಿ. ಅದು ಆಗಲು ಹತ್ತು ವರ್ಷ ಬೇಕು. ಕೇಣಿಯ ತೀರ್ಮಾನ ಅಷ್ಟು ಕಾಯುವುದಿಲ್ಲ. ಪರಿಸರ ಪರಿಣಾಮ ಅಧ್ಯಯನಕ್ಕೆ ಮಳೆಗಾಲ ಬಿಟ್ಟು ಒಂದು ಋತುವಿನ ದತ್ತಾಂಶ ಸಾಕೆಂಬ ರೂಢಿ ನಮ್ಮಲ್ಲಿದೆ. ಮೀನು ಮರಿಮಾಡುವುದು ಮಳೆಗಾಲದಲ್ಲಿ ಎಂದೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟಿಸುವ ಸರ್ಕಾರವೂ ಇದೇ. ಆದ್ದರಿಂದ ಬಂದರಿನ ಮುಂದಿನ ಯಾವ ಅನುಮತಿಗೂ ಮೊದಲು ಎರಡು ಪೂರ್ತಿ ಮಳೆಗಾಲ ಕೇಣಿಯಿಂದ ಬೇಲೆಕೇರಿಯವರೆಗಿನ ನೀರು, ಕೆಸರು, ತಾರ್ಲೆ, ಬಂಗಡೆ, ಸಿಗಡಿ, ಮೊಟ್ಟೆ, ಮರಿ ಎಲ್ಲವನ್ನೂ ಕೋಡಿಬಾಗದ ಸಂಶೋಧಕರು ಅಳೆಯಲಿ, ಪಾತಿ ದೋಣಿಯವರನ್ನು ಸಂಬಳ ಕೊಟ್ಟು ಜತೆಗೆ ಕರೆದೊಯ್ಯಲಿ. ಖರ್ಚು ಸರ್ಕಾರದ್ದಿರಲಿ, ಕಂಪನಿಯದ್ದು ಬೇಡ. ವರದಿ ಕನ್ನಡದಲ್ಲಿ ಅಚ್ಚಾಗಿ, ಮುಂದಿನ ಅಹವಾಲು ಸಭೆಗೆ ಮೂರು ತಿಂಗಳು ಮೊದಲೇ ಕೇಣಿಯ ಮನೆಮನೆಗೆ ಸೇರಲಿ.