ಯಜಮಾನರು ದಿವಾಳಿಯಾದರೆ ನಿಮ್ಮ ಸಹಿ ಏನಾಗುತ್ತೆ?

‘ಅಂಗಡಿ ಮುಳುಗಿತು, ಐ.ಪಿ. ಹಾಕಿಬಿಡೋಣ’ ಎಂದು ಯಜಮಾನರು ಹೇಳಿದರೆ ಗಾಬರಿಯಾಗಬೇಡಿ. ಹಾಗಂತ ಸುಮ್ಮನೆ ತಲೆಯಾಡಿಸಲೂಬೇಡಿ. ರಾಯಚೂರಾಗಲಿ, ಮಾನ್ವಿ, ದೇವದುರ್ಗವಾಗಲಿ, ವ್ಯಕ್ತಿಗಳ ದಿವಾಳಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಆಧಾರ. 2016ರ ಹೊಸ ಸಂಹಿತೆ ಬಂದಿದೆಯಲ್ಲ ಅಂತೀರಾ? ವ್ಯಕ್ತಿಗಳ ಪೈಕಿ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಅದು ಜಾರಿಯಾಗಿದೆ, 2019ರ ಡಿಸೆಂಬರ್‌ನಿಂದ.

ದಿವಾಳಿ ಎಂದು ಘೋಷಿಸುವಾಗಲೇ ಕೋರ್ಟು ಋಣಮುಕ್ತಿಗೆ ಅರ್ಜಿ ಹಾಕಲು ಗಡುವು ಕೊಡುತ್ತೆ. ಸಾಲದಿದ್ದರೆ ಕಾರಣ ತೋರಿಸಿ ಇನ್ನಷ್ಟು ಕಾಲ ಕೇಳಬಹುದು. ಸುಮ್ಮನೆ ಕೂತರೆ ಘೋಷಣೆಯೇ ರದ್ದಾಗುತ್ತೆ, ಸಾಲಗಾರರು ಮತ್ತೆ ಬಾಗಿಲಿಗೆ ಬರ್ತಾರೆ.

ಇನ್ನೊಂದು ಮಾತು ಯಾರೂ ಹೇಳೋದಿಲ್ಲ. ಅವರಿಗೆ ಋಣಮುಕ್ತಿ ಸಿಕ್ಕರೂ, ಜೊತೆ ಸಾಲಗಾರಳಾಗಿಯೋ ಜಾಮೀನಾಗಿಯೋ ಸಹಿ ಹಾಕಿದ ನಿಮಗೆ ಸಿಗೋದಿಲ್ಲ. ‘ಇಲ್ಲೊಂದು ಸಹಿ ಮಾಡು’ ಅಂದಾಗ ಒಲೆ ಮುಂದಿನಿಂದ ಎದ್ದು ಬಂದು ಓದದೇ ಮಾಡಿರ್ತೀವಲ್ಲ, ಅದೇ ಸಹಿ.

ಅಡವಿಟ್ಟ ಮನೆಯನ್ನೂ ದಿವಾಳಿ ಅರ್ಜಿ ಉಳಿಸದು. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ನೋಟಿಸು ಕೊಟ್ಟರೆ 60 ದಿನ ನಿಮ್ಮದು. ಆಕ್ಷೇಪ ಬರೆದುಕೊಟ್ಟರೆ 15 ದಿನದೊಳಗೆ ಬ್ಯಾಂಕು ಉತ್ತರಿಸಬೇಕು. ಆಮೇಲೆ ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ. ದೂರ ನಿಜ, ಆದರೆ ದಿನಗಳು ಕಾಯೋದಿಲ್ಲ. ನೋಟಿಸಿನ ಲಕೋಟೆ ಬಿಸಾಡದೆ, ಬಂದ ತಾರೀಕು ಅದರ ಮೇಲೇ ಬರೆದಿಡಿ.

ಸಂಘದ ಸಾಲದವರು ಮನೆ ಮುಂದೆ ಗಲಾಟೆ ಮಾಡಿದರೆ 2025ರ ರಾಜ್ಯ ಕಾನೂನಿನಲ್ಲಿ 10 ವರ್ಷದವರೆಗೆ ಜೈಲಿದೆ.

ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.